ಅವ್ವ ಅತ್ತ ಅರ್ಧ

ಮಿಸೌರಿ ಸಿಟಿ, ಹ್ಯೂಸ್ಟನ್
ಅಕ್ಟೋಬರ್ ೧೪, ಮಂಗಳವಾರ

ಇಂದೂ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಬಿಸಾಡುವ ಮೊದಲು ಇದೊಂದು ಪ್ಯಾರಾ ಓದು. ಬರುವ ಸೋಮವಾರ ಇಲ್ಲಿ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ನನ್ನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕುತ್ತಾರೆ. ಗಡ್ಡೆ ರೇಡಿಯೇಷನ್‌ಗೆ ಬಗ್ಗಲಿಲ್ಲ. ಆಮೇಲೆ ನಾನು ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತೇನಂತೆ. ಬದುಕುತ್ತೇನೆ ಅನ್ನುತ್ತಾರೆ, ಮಾತು ಮಾತ್ರ ಇರುವುದಿಲ್ಲ. ಧಾರವಾಡದಲ್ಲಿರುವ ನನ್ನ ಅವ್ವನಿಗೆ ಇದು ಯಾವುದೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಅದಕ್ಕೆ ನೀನು ಬೇಕು. ನಿನ್ನ ಗಂಟಲು ಬೇಕು.

ಇಷ್ಟು ಓದಿದ ಮೇಲೆ ಕೆಳಗಿಡಲಾರೆ ಎಂದು ನಂಬಿ ಮುಂದೆ ಬರೆಯುತ್ತೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಎಷ್ಟು ಕಾಲವಾಯಿತು. ಬೇರೆಯವರ ಫೋನಿನಿಂದ ಮಾಡಿದ್ದರೂ ಈಗ ನನ್ನಿಂದ ಹೊರಡುವುದು ಹರಿದ ಕಾಗದದಂಥ ಸದ್ದು ಮಾತ್ರ. ಅದನ್ನು ನೀನು ಕೇಳಬಾರದು ಎಂಬ ಹಟ ನನಗೆ. ನಿನ್ನ ನೆನಪಿನಲ್ಲಾದರೂ ನನ್ನ ದನಿ ಹಳೆಯ ಹಾಗೇ ಇರಲಿ.

ಅವ್ವನ ವಿಷಯ ಹೇಳುತ್ತೇನೆ. ಅವಳು ನನ್ನ ತಮ್ಮ ಕಲ್ಮೇಶನ ಮನೆಯಲ್ಲಿ ಚೆನ್ನಾಗಿಯೇ ಇದ್ದಾಳೆ. ಸೊಸೆ ಒಳ್ಳೆಯವಳು, ಮೊಮ್ಮಕ್ಕಳಿದ್ದಾರೆ. ಆದರೆ ಎರಡೂ ಕಣ್ಣು ಹೋಗಿವೆ. ವಿಡಿಯೋ ಕಾಲ್ ಅವಳಿಗೆ ಉಪಯೋಗವಿಲ್ಲ, ಪತ್ರವೂ ಇಲ್ಲ. ನಾನೆಂದರೆ ಅವಳಿಗೆ ಈಗ ಬರಿ ಒಂದು ದನಿ. ಇಲ್ಲಿ ಸಂಜೆ ಕುಕ್ಕರ್ ಇಡುವ ಹೊತ್ತಿಗೆ ಅಲ್ಲಿ ಅವಳ ಬೆಳಗಿನ ಚಹಾ. ಆ ಹೊತ್ತಿಗೆ ದಿನಾ ನನ್ನ ಫೋನು. ಮಾತು ಮುಗಿದಾಗ ಅವಳು ಅಲ್ಲಿಂದಲೇ ನನ್ನ ದೃಷ್ಟಿ ತೆಗೆದು, ಹಣೆಯ ಎರಡೂ ಬದಿಗೆ ಬೆರಳೊತ್ತಿ ನೆಟಿಗೆ ಮುರಿಯುತ್ತಾಳೆ. ಆ ಲಟಲಟ ಸದ್ದು ಸಮುದ್ರ ದಾಟಿ ಬಂದು ನನ್ನ ಕಿವಿಗೆ ಬೀಳುತ್ತದೆ. ಅದಾದ ಮೇಲೆಯೇ ನಾನು ಫೋನಿಡುವುದು.

ಹೋದ ವರ್ಷ ಅವಳ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕಲ್ಮೇಶ ಖಡಾಖಂಡಿತವಾಗಿ ಹೇಳಿದ, ಅವ್ವಗ ಹೇಳಬ್ಯಾಡಕ್ಕ, ತಡಕೊಳ್ಳೂದಿಲ್ಲ ಅಂತ. ನಮ್ಮ ಮನೆಗಳಲ್ಲಿ ಇದು ಹೊಸದೇನೂ ಅಲ್ಲ. ನಿಮ್ಮ ಮನೆಯಲ್ಲಿಯೂ ಚಿಕ್ಕಪ್ಪನ ಸಾವನ್ನು ನಿಮ್ಮಜ್ಜಿಗೆ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಿರಿ, ಟೂರ್‌ನಲ್ಲಿದ್ದಾನೆ ಎಂದು. ಮುದುಕರಿಗೆ ಸುಳ್ಳು ಹೇಳುವುದನ್ನು ನಾವು ಔಷಧ ಎಂದೇ ನಂಬಿದವರು.

ನಾನಾಗಿಯೇ ಒಂದು ಉಪಾಯ ಮಾಡಿ ನೋಡಿದೆ, ಅದನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ನನ್ನ ದನಿಯನ್ನು ಮೊದಲೇ ಶೇಖರಿಸಿಟ್ಟಳು. ಅವರ ಯಂತ್ರ ಈಗ ನನ್ನದೇ ದನಿಯಲ್ಲಿ ಒಂದು ಲೋಟ ನೀರು ಬೇಕೆಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅವರಲ್ಲಿ ಕನ್ನಡವಿಲ್ಲ. ಕ್ಲಾಸೆಟ್‌ನಲ್ಲಿ ಸೀರೆಗಳ ನಡುವೆ ಕೂತು, ಸದ್ದು ಗುಂಯ್‌ಗುಡದಿರಲೆಂದು ನಮ್ಮ ಡಬ್ಬಿಂಗ್ ದಿನಗಳ ಅಭ್ಯಾಸದಂತೆ, ಕೆಲವು ಧಾರವಾಡದ ಮಾತುಗಳನ್ನು ನಾನೇ ಫೋನಿಗೆ ರೆಕಾರ್ಡ್ ಮಾಡಿಟ್ಟೆ. ಊಟ ಆತವ್ವ. ಇಶಾ ಆರಾಮ ಇದ್ದಾಳ. ಭಾಳ ಛಲೋ ಆತು ಬಿಡವ್ವ. ಇಂಥವೇ. ದನಿ ಕೆಟ್ಟ ಮೇಲೆ ಅವ್ವನ ಪ್ರಶ್ನೆಗೆ ತಕ್ಕ ಗುಂಡಿ ಒತ್ತುತ್ತ ಬಂದೆ. ಒಂದೆರಡು ವಾರ ನಡೆಯಿತು. ಒಂದು ದಿನ ಅವ್ವ, ಎದುರುಮನಿ ಶಾರದಮ್ಮ ಹೋದ್ಲು ನೋಡವಾ ಅಂದಳು. ಗುಂಡಿ ತಪ್ಪಿತು.

“ಭಾಳ ಛಲೋ ಆತು ಬಿಡವ್ವ” ಎಂದಿತು ನನ್ನ ದನಿ, ನಗುನಗುತ್ತ.

ಅವ್ವ “ಯಾಕವಾ, ಆಕಿ ನಿನಗೇನ್ ಮಾಡಿದ್ಲು?” ಎಂದು ಕೇಳಿದಳು. ನಾನು ಫೋನ್ ಕತ್ತರಿಸಿ ಸಿಂಕಿನ ಮುಂದೆ ನಿಂತು ನಕ್ಕೆ, ಅಥವಾ ಅತ್ತೆ. ಸದ್ದೇ ಇಲ್ಲದ ಮೇಲೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮರುದಿನ ನೆಟ್‌ವರ್ಕ್ ಸರಿಯಿರಲಿಲ್ಲ, ಮಾತು ಕೇಳಿಸಲಿಲ್ಲ ಎಂದು ಕಲ್ಮೇಶನಿಂದ ಹೇಳಿಸಿದೆ. ಅಂದಿನಿಂದ ಒಂದೆರಡು ಗುಂಡಿಯಲ್ಲೇ ಮಾತು ಮುಗಿಸುತ್ತಿದ್ದೇನೆ.

ಆದ್ದರಿಂದ ಯಂತ್ರ ಬೇಡ, ಮನುಷ್ಯರೇ ಬೇಕು. ನೀನು ನಾನಾಗಿ ಮಾತಾಡಬೇಕು. ದಿನಾ ಆಗದಿದ್ದರೆ ವಾರಕ್ಕೊಮ್ಮೆ. ನೀನು ಕ್ಯಾರಲ್ಟನ್ನಿನ ನಿನ್ನ ಮನೆಯಿಂದ ಏಳಬೇಕಾಗಿಲ್ಲ, ಮೂರೂ ಫೋನನ್ನು ಸೇರಿಸಬಹುದು. ಅವಳ ಮಾತು ನಾನು ಕೇಳಿಸಿಕೊಂಡು ಉತ್ತರವನ್ನು ನಿನ್ನ ಪರದೆಗೆ ಟೈಪ್ ಮಾಡುತ್ತೇನೆ, ನೀನು ಹೇಳುತ್ತೀ. ಸಿನಿಮಾದಲ್ಲಿ ಆ ಬಂಬಯಿ ಹುಡುಗಿಗೆ ದನಿ ಕೊಟ್ಟ ಹಾಗೆಯೇ.

ಆಗಲಿಕ್ಕಿಲ್ಲ ಎಂದುಕೊಳ್ಳುತ್ತೀ. ಆಗುತ್ತದೆ ಎನ್ನಲು ನನ್ನ ಬಳಿ ಒಬ್ಬ ಸಾಕ್ಷಿ ಇದ್ದಾನೆ. ಅವನ ಹೆಸರು ಅರ್ಮಾಸ್ ಲೆಹ್ತಿಸಾರಿ. ಫಿನ್‌ಲೆಂಡಿನ ನಟ, ಸತ್ತು ಬಹಳ ವರ್ಷವಾಗಿದೆ.

ನನ್ನ ಮಗಳು ಇಶಾ ಆಸ್ಟಿನ್‌ನಲ್ಲಿ ಸಿನಿಮಾ ಓದುತ್ತಿದ್ದಾಳೆ. ಬೇಸಿಗೆಯಲ್ಲಿ ಅಲ್ಲಿನ ಚಿಕ್ಕ ಚಿತ್ರಮಂದಿರವೊಂದರಲ್ಲಿ ಇವನ ಹಳೆಯ ಚಿತ್ರಗಳನ್ನು ಒಂದು ವಾರ ಹಾಕಿದರು. ಕೆಲವಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಇರಲಿಲ್ಲ. ಪರದೆಯ ಕೆಳಗೆ ಸಾಲುಗಳನ್ನು ಸಮಯಕ್ಕೆ ಸರಿಯಾಗಿ ಬಿಡುವ ಕೆಲಸ ಇವಳದು. ರೇಡಿಯೇಷನ್ ಆಗಷ್ಟೇ ಮುಗಿದಿತ್ತು. ನನ್ನ ಗಂಡ ಸಿದ್ಧಾರ್ಥನ ಕೆಲಸ ಆಸ್ಟಿನ್ ಹತ್ತಿರದ ಟೇಲರ್ ಊರಿನ ಚಿಪ್ ಕಾರ್ಖಾನೆಯಲ್ಲಿ, ವಾರವೆಲ್ಲ ಆ ಕಡೆಯೇ ಇರುತ್ತಾನೆ. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ, ಬಾ ಎಂದು ಅವನೇ ಕರೆದುಕೊಂಡು ಹೋಗಿ ಅವಳ ರೂಮಿನಲ್ಲಿ ಬಿಟ್ಟ. ಎ.ಸಿ.ಗೆ ಶಾಲು ಹೊದ್ದು ದಿನಕ್ಕೊಂದರಂತೆ ಅರ್ಮಾಸ್‌ನನ್ನು ನೋಡಿದೆ.

ಮೊದಲ ಚಿತ್ರದಲ್ಲಿ ಅವನು ನದಿಯಲ್ಲಿ ಮರದ ದಿಮ್ಮಿಗಳನ್ನು ತೇಲಿಸಿಕೊಂಡು ಹೋಗುವ ಕೂಲಿ. ಮೊಣಕಾಲವರೆಗಿನ ಬೂಟು, ಕೈಯಲ್ಲಿ ಕೊಕ್ಕೆಯ ಕೋಲು. ಒಂದು ದಿಮ್ಮಿಯಿಂದ ಇನ್ನೊಂದಕ್ಕೆ ಹಾರುತ್ತ ಹಾಡುತ್ತಾನೆ. ಹೆಲ್ಸಿಂಕಿಯ ಸ್ಟುಡಿಯೋದವರು ಅವನನ್ನು ನಿಜವಾದ ದಿಮ್ಮಿಕೆಲಸದಿಂದಲೇ ಎತ್ತಿ ತಂದರೆಂದು ಹಾಲ್‌ನಲ್ಲಿ ಕೊಟ್ಟ ಕರಪತ್ರದಲ್ಲಿತ್ತು. ಯುದ್ಧ ಮುಗಿದು ಜನರಿಗೆ ಹಾಡು ಬೇಕಾಗಿದ್ದ ಕಾಲ. ಆಮೇಲೆ ಸಿಪಾಯಿಗಳ ನಗೆಚಿತ್ರಗಳು. ಸಡಿಲ ಚಡ್ಡಿ, ಮೀಸೆಯ ಸಾರ್ಜೆಂಟ್, ನಮ್ಮ ಕಂಪನಿ ನಾಟಕಗಳ ಹಾಸ್ಯದ ಹಾಗೆ. ಆಮೇಲೆ ಹೊಲದ ಬೇಲಿಯ ಆಚೀಚೆ ನಿಂತು ಅಳುವ ಪ್ರೇಮಕಥೆಗಳು. ನಟನೆ ಅಷ್ಟಕ್ಕಷ್ಟೇ, ಇಂದೂ. ಕೈ ಎಲ್ಲಿಡಬೇಕೆಂದು ಕೊನೆಯವರೆಗೂ ಅವನಿಗೆ ತಿಳಿಯಲಿಲ್ಲ. ದನಿ ಮಾತ್ರ! ಅವರ ಭಾಷೆಯಲ್ಲಿ ಸ್ವರಗಳನ್ನು ನಮ್ಮ ದೀರ್ಘಗಳ ಹಾಗೆ ಎಳೆಯುತ್ತಾರೆ. ಅವನು ಒಂದು ‘ಆ’ ಎಳೆದರೆ ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ನೀರು ಮುಟ್ಟುವ ತನಕ ನಾವೂ ಉಸಿರು ಹಿಡಿದಿರಬೇಕು. ಸಬ್‌ಟೈಟಲ್ ಓದುವುದನ್ನೇ ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಿನಗೆ ಗೊತ್ತಲ್ಲ, ಕವಿತೆಯನ್ನು ಮನಸ್ಸಿನಲ್ಲೇ ಓದುವುದು ನನಗೆ ಬರುವುದಿಲ್ಲ, ತುಟಿ ಆಡಲೇಬೇಕು, ಗಂಟಲು ಕಂಪಿಸಬೇಕು. ಸೋಮವಾರದ ನಂತರ ನಾನು ಕವಿತೆಯನ್ನು ಹೇಗೆ ಓದಲಿ ಎಂದು ಯಾವ ಡಾಕ್ಟರನ್ನು ಕೇಳುವುದು?

ವಾರದ ನಡುವೆ ಒಂದು ಚಿತ್ರ ಬಂತು. ಅವನು ಪಟ್ಟಣದ ಡಾಕ್ಟರು, ಒಳ್ಳೆಯ ಕೋಟು. ಅವನು ಬಾಯಿ ತೆರೆದೊಡನೆ ನಾನು ಕುರ್ಚಿಯಲ್ಲಿ ನೇರ ಕೂತೆ. ದನಿ ಅದೇ ಆಳ, ಅದೇ ನಿಧಾನ. ತುಟಿಗೂ ಕೂದಲೆಳೆಯಷ್ಟು ತಪ್ಪಿಲ್ಲ. ಆದರೆ ಅವನ ಎದೆ ಏರುವುದೊಂದು ಕಡೆ, ಉಸಿರು ಕೇಳುವುದು ಇನ್ನೊಂದು ಕಡೆ. ಇದು ಅವನ ದನಿಯಲ್ಲ ಎಂದು ಚೀಟಿ ಬರೆದು ಇಶಾಳಿಗೆ ಕೊಟ್ಟೆ. ಅವಳು ನಂಬಲಿಲ್ಲ. ಆಮೇಲೆ ಕರಪತ್ರದ ಹಿಂದಿನ ಪುಟ ಓದಿ ನನ್ನನ್ನೇ ನೋಡುತ್ತ ನಿಂತಳು. ಅವನಿಗೂ ಗಂಟಲಿನ ಕಾಯಿಲೆ. ಪೋಸ್ಟರ್ ಅಂಟಿಸಿ ಆಗಿತ್ತು, ಸ್ಟುಡಿಯೋ ಹಿಂಜರಿಯಲಿಲ್ಲ. ನೀನು ಬಾಯಿ ಆಡಿಸಿದರೆ ಸಾಕು ಎಂದು ಹೇಳಿ ತಂಪೆರೆ ಎಂಬ ಊರಿನ ರಂಗನಟನೊಬ್ಬನನ್ನು ಕರೆಸಿ ದನಿ ಹಾಕಿಸಿದರು. ಹಾಗೆ ಮೂರು ಚಿತ್ರಗಳಾದವು. ಆ ದೇಶದಲ್ಲಿ ಒಬ್ಬರಿಗೂ ಗುಮಾನಿ ಬರಲಿಲ್ಲ. ಲೆಹ್ತಿಸಾರಿಯ ದನಿ ಈಗ ಮಾಗಿದೆ ಎಂದು ಪತ್ರಿಕೆಯವರು ಬರೆದರಂತೆ.

ನೋಡಿದೆಯಾ? ಒಂದು ದೇಶಕ್ಕೆ ದೇಶವೇ ನಂಬಿತು. ನಾವು ಒಬ್ಬ ಮುದುಕಿಯನ್ನು ನಂಬಿಸಬೇಕು, ಅಷ್ಟೇ.

ಅವಳು ನಿನ್ನನ್ನು ಒಮ್ಮೆ ನಂಬಿಯೂ ಇದ್ದಾಳೆ. ಈ ಮಾತನ್ನು ನಾನು ಇಷ್ಟು ವರ್ಷ ನಿನ್ನ ಮುಂದೆ ಬಾಯಿಬಿಟ್ಟಿರಲಿಲ್ಲ. ಬೆಂಗಳೂರಿನ ಆ ಡಬ್ಬಿಂಗ್ ಸ್ಟುಡಿಯೋ, ಆ ಒಂದೇ ಸಿನಿಮಾ ನೆನೆದುಕೋ. ಬಂಬಯಿಯಿಂದ ಬಂದ ನಾಯಕಿ ಕನ್ನಡದ ಮಾತುಗಳ ಬದಲು ಏಕ್, ದೋ, ತೀನ್, ಚಾರ್ ಎಂದು ಎಣಿಸುತ್ತಿದ್ದಳು. ಅವಳ ಎಣಿಕೆಯ ಮೇಲೆ ನಾವು ಮಾತು ಕೂಡಿಸಬೇಕಿತ್ತು. ಅರ್ಧ ಸಿನಿಮಾಕ್ಕೆ ನಾನು ದನಿ ಕೊಟ್ಟ ಮೇಲೆ ಟೈಫಾಯಿಡ್ ಬಂತು. ಬಿಡುಗಡೆಯ ದಿನ ಗೊತ್ತಾಗಿತ್ತು. ಉಳಿದರ್ಧವನ್ನು ನೀನು ಮುಗಿಸಿದೆ, ನಿನ್ನ ಮೈಸೂರಿನ ಗಂಟಲಿನಿಂದ ನನ್ನ ದನಿ ತೆಗೆದು. ಅಪ್ಪನ ಹೆಣದ ಮುಂದೆ ಕೂತು ನಾಯಕಿ ಬೈಯುತ್ತ ಅಳುವ ದೃಶ್ಯವೂ ಅದರಲ್ಲೇ ಬಂತು. ಸೌಂಡ್ ಇಂಜಿನಿಯರ್ ತಿರುಮಲ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿ ಕೇಳಿಸಿ, “ಹೊಲಿಗೆ ಎಲ್ಲಿದೆ ಅಂತ ನನಗೇ ಸಿಗ್ತಿಲ್ಲ ಕಣ್ರಮ್ಮ” ಎಂದಿದ್ದ. ತೆರೆಯ ಮೇಲೆ ನಿನ್ನ ಹೆಸರೂ ಇರಲಿಲ್ಲ, ನನ್ನದೂ ಇರಲಿಲ್ಲ.

ಅವ್ವ ಅದನ್ನು ಧಾರವಾಡದ ಟಾಕೀಸಿನಲ್ಲಿ ನೋಡಿದಳು. ಮೊದಲರ್ಧ ಪಕ್ಕದವರಿಗೆಲ್ಲ ನನ್ನ ಮಗಳ ದನಿ ಎಂದು ಹೇಳುತ್ತ ಕೂತಿದ್ದವಳು ಎರಡನೆಯ ಅರ್ಧದಲ್ಲಿ ಸೆರಗು ಬಾಯಿಗೆ ಹಿಡಿದು ಅತ್ತಳಂತೆ. ಕಲ್ಮೇಶ ಹೇಳಿದ. ಮನೆಗೆ ಬಂದ ಮೇಲೂ ಅಳು ನಿಲ್ಲಲಿಲ್ಲವಂತೆ. ಅದು ನಾನಲ್ಲ, ನನ್ನ ಗೆಳತಿ ಇಂದು ಎಂದು ಹೇಳಲು ನನಗೆ ಮನಸ್ಸೇ ಬರಲಿಲ್ಲ.

ಅದಕ್ಕೇ ಡಲ್ಲಾಸ್‌ನ ರಾಜ್ಯೋತ್ಸವದಲ್ಲಿ ನಿನ್ನನ್ನು ವೇದಿಕೆಗೆ ಕರೆದು ಆ ಸಿನಿಮಾದ ದನಿ ಇವರದೇ ಎಂದಾಗ ನನಗೆ ಹಾಗೆ ಉರಿದದ್ದು. ಬಿಸಿಬೇಳೆಬಾತಿನ ಸಾಲಿನಲ್ಲಿ, ತಟ್ಟೆ ಹಿಡಿದ ಅಷ್ಟು ಜನರೆದುರು, ಅರ್ಧ ನನ್ನದು ಎಂದೆ. ನೀನು ಹಪ್ಪಳ ಮುರಿಯುತ್ತ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ಜನ ಅತ್ತಿದ್ದು ಯಾವ ಅರ್ಧಕ್ಕೆ ಅಂತ ಕೇಳೇ ಮಧು.”

ನಾನು ತಟ್ಟೆ ಅಲ್ಲೇ ಇಟ್ಟು ಹೊರಟುಬಂದೆ, ನಮ್ಮ ಮಾತು ನಿಂತದ್ದು ಅಂದಿನಿಂದ. ನನ್ನ ಹೆತ್ತವಳೇ ಅತ್ತದ್ದು ನಿನ್ನ ಅರ್ಧಕ್ಕೆ. ನೀನು ಗೆದ್ದೆ ಎಂದು ಈಗ ಬರೆದುಕೊಡುತ್ತಿದ್ದೇನೆ. ಗೆದ್ದವಳು ಸೋತವಳ ಕೆಲಸಕ್ಕೆ ಬರಬೇಕು.

ಧಾರವಾಡದ ಮಾತು ನಿನಗೆ ಬರುವುದಿಲ್ಲ ಎನ್ನಬೇಡ. ಹಾಸ್ಟೆಲಿನಲ್ಲಿ ನನ್ನನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ನೀನೇ. ಅಣಕವನ್ನು ಸ್ವಲ್ಪ ಇಳಿಸಿದರೆ ನಾನೇ ಆಗುತ್ತೀ. ಅವ್ವ ಬಾಯಿತುಂಬ ಮಾತಾಡುವವಳು, ನೀನು ಹೂಂ ಅನ್ನುತ್ತಿದ್ದರೆ ಮುಕ್ಕಾಲು ಮುಗಿಯಿತು. ಕೊನೆಯಲ್ಲಿ ನೆಟಿಗೆ ಮುರಿದಾಗ ಮಾತ್ರ ನೀನು ಮಾತಾಡಬೇಡ. ಆ ಸದ್ದಿನ ಹೊತ್ತು ನನ್ನದು.

ಇಶಾಳಿಗೆ ಈ ಯೋಚನೆ ಹಿಡಿಸಲಿಲ್ಲ. ಕನ್ನಡವೆಲ್ಲ ತಿಳಿದರೂ ಉತ್ತರ ಇಂಗ್ಲಿಷಿನಲ್ಲೇ ಕೊಡುವವಳು. ಅರ್ಮಾಸ್‌ನ ಕೊನೆಯ ಚಿತ್ರದ ವಿಷಯ ಇಂದು ಆಂಟಿಗೆ ಬರೆದೆಯಾ ಎಂದು ಆಸ್ಟಿನ್‌ನಿಂದಲೇ ಮೆಸೇಜ್ ಮಾಡಿ ಕೇಳಿದಳು. ಬರೆದಿರಲಿಲ್ಲ. ಬಚ್ಚಿಡೋಣ ಎಂದುಕೊಂಡಿದ್ದೆ, ಆದರೆ ನೀನು ಹುಡುಕಿ ಓದಿಬಿಡುವ ಪೈಕಿ.

ನಾಲ್ಕನೆಯ ಬಾರಿ ಆ ರಂಗನಟ ಬಂದಾಗ ಅರ್ಮಾಸ್ ಒಪ್ಪಲಿಲ್ಲವಂತೆ. ಮಾತೇ ಇಲ್ಲದ ಪಾತ್ರ ಕೊಟ್ಟರೆ ಮಾಡುತ್ತೇನೆ ಎಂದು ಬರೆದುಕೊಟ್ಟ. ಅವನಿಗೆ ಅಂಬಿಗನ ಪಾತ್ರ ಬರೆದರು. ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿದ ಮೂಗ, ಅಗಲವಾದ ನದಿ, ಆಚೆ ದಡದಲ್ಲಿ ಒಂದು ಮನೆ. ಒಂದು ದೃಶ್ಯದಲ್ಲಿ ಮಂಜು ಇಳಿದು ದೋಣಿ ದಿಕ್ಕು ತಪ್ಪುತ್ತದೆ. ದಡದಲ್ಲಿ ಅವನ ಮಗಳು ಅಪ್ಪಾ ಅಪ್ಪಾ ಎಂದು ಕೂಗುತ್ತಾಳೆ. ಅವನು ಎದ್ದು ನಿಂತು ಬಾಯಿ ತೆರೆಯುತ್ತಾನೆ. ಏನೂ ಬರುವುದಿಲ್ಲ. ಅದೇ ಬಾವಿಯಂಥ ಬಾಯಿ. ಕ್ಯಾಮೆರಾ ಅಲ್ಲಿಂದ ಕದಲುವುದೇ ಇಲ್ಲ. ನನ್ನಿಂದಾಗಲಿಲ್ಲ. ಕತ್ತಲಲ್ಲೇ ಜನರ ಕಾಲು ತುಳಿಯುತ್ತ ಹೊರಗೆ ಬಂದೆ. ಆಸ್ಟಿನ್ನಿನ ಬಿಸಿಲು ಮುಖಕ್ಕೆ ಹೊಡೆಯಿತು. ಪಾರ್ಕಿಂಗ್ ಲಾಟ್‌ನಲ್ಲಿ ಯಾರದೋ ಟ್ರಕ್ಕಿಗೆ ಒರಗಿ ನಿಂತು ಅವ್ವಾ ಎಂದು ಕೂಗಿ ನೋಡಿದೆ. ಪಕ್ಕದಲ್ಲಿ ಹೋಗುತ್ತಿದ್ದವನು ತಿರುಗಿಯೂ ನೋಡಲಿಲ್ಲ.

ಆ ಚಿತ್ರ ಓಡಲಿಲ್ಲ. ಅಲ್ಲಿಗೆ ಅವನ ಸಿನಿಮಾ ಮುಗಿಯಿತು. ಉತ್ತರದ ಯಾವುದೋ ಊರಿನಲ್ಲಿ ಪೆಟ್ರೋಲ್ ಬಂಕ್ ನಡೆಸಿಕೊಂಡು ಇನ್ನೂ ಬಹಳ ಕಾಲ ಬದುಕಿದ. ಸತ್ಯ ಹೇಳಿದವನ ಗತಿ ಅದು. ನನಗೆ ಸತ್ಯ ಬೇಡ. ನನಗೆ ಅವ್ವ ಚಹಾ ಕುಡಿಯುತ್ತ ನಗುವುದು ಬೇಕು. ಅವಳು ಇರುವಷ್ಟು ದಿನ ಅವಳ ಮಗಳಿಗೆ ದನಿ ಇರಬೇಕು, ಆ ದನಿ ಯಾರದ್ದಾದರೂ ಸರಿ.

ಮುಂಚೆ ಇದ್ದ ನಂಟಿನ ಹೆಸರಿನಲ್ಲಿ ಕೇಳುತ್ತಿಲ್ಲ, ಅದು ಎಷ್ಟು ಉಳಿದಿದೆಯೋ ನನಗೆ ಗೊತ್ತಿಲ್ಲ. ಬೇರೆ ಯಾರೂ ಇಲ್ಲದ್ದಕ್ಕೆ ಕೇಳುತ್ತಿದ್ದೇನೆ. ನಿನ್ನ ಒಂದು ಹೂಂ ಸಾಕು. ಆದರೆ ಭಾನುವಾರದೊಳಗೆ ಬೇಕು. ಆಮೇಲೆ ನಿನಗೆ ಹೀಗೆ ಹೇಳು, ಹಾಗೆ ಹೇಳಬೇಡ ಎಂದು ತಿದ್ದಲು ಪಿಸುದನಿಯೂ ನನ್ನಲ್ಲಿ ಇರುವುದಿಲ್ಲ.

ಅರ್ಧ ನಿನ್ನವಳು,
ಮಧುಶ್ರೀ

ಮರುಬರಹ, ಬುಧವಾರ ಬೆಳಿಗ್ಗೆ:

ಮೇಲಿನದನ್ನು ಹರಿದು ಹಾಕಿ ಬೇರೆ ಬರೆಯಬೇಕಿತ್ತು. ಕೈಯಲ್ಲಿ ತ್ರಾಣವಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಇಷ್ಟು ಕೇಳು.

ನಿನ್ನೆ ಸಂಜೆ ಇಶಾ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಬಂದವಳೇ ನನ್ನನ್ನು ಕೇಳದೆ ಅಡುಗೆಮನೆಯಲ್ಲಿ ಅಜ್ಜಿಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟಳು. ನಾನು ಒಲೆಯ ಪಕ್ಕ ನಿಂತಿದ್ದೆ. ಅವಳ ಮುರುಕು ಕನ್ನಡದಲ್ಲಿ ಆ ಸಿನಿಮಾದ ವಿಷಯ ತೆಗೆದು, ಅಜ್ಜೀ, ನೀವು ಅವತ್ತು ಯಾಕೆ ಅತ್ತಿದ್ದು ಎಂದು ಕೇಳಿದಳು. ಅವ್ವ ನಕ್ಕಳು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

“ಮೊದಲ ಅರ್ಧ ನಿಮ್ಮವ್ವ. ಇಂಟರ್ವಲ್ ಆದಮ್ಯಾಲೆ ಬ್ಯಾರೆ ಯಾವಾಕಿನೋ. ಛಲೋ ಮಾತಾಡಿದ್ಲು ಪಾಪ, ಆದ್ರ ಉಸಿರು ಎಳಕೊಳ್ಳೂದ ಬ್ಯಾರೆ. ನನ್ನ ಕೂಸಿಗೆ ಏನೋ ಆಗ್ಯದ, ಅದಕ್ಕ ಆಕಿ ಜಾಗಾದಾಗ ಇನ್ನೊಬ್ಬಾಕಿ ಕುಂತಾಳ ಅಂತ ಗೊತ್ತಾತು. ನಾ ಅತ್ತದ್ದು ಅದಕ್ಕ. ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ.”

ಹಾಗೇ ಮುಂದುವರಿದು, “ಈಗೂ ಹಂಗ ಆಗ್ಯದ. ಮಷೀನಿನಾಗ ಮಾತಾಡಸ್ತಾಳ. ಅಲ್ಲೇ ಬಾಜೂಕ ನಿಂತಾಳಲ್ಲ, ಸೀಟಿ ಹೊಡದಂಗ ಉಸಿರು ಕೇಳಸ್ತದ. ಏನಾಗ್ಯದ ಹೇಳವಾ ನೀನರೆ” ಎಂದಳು.

ಇಶಾ ನನ್ನನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಹೇಳಿಬಿಟ್ಟಳು, ಪೂರ್ತಿ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಜೋಡಿಸುತ್ತ. ಅವ್ವ ಕುಸಿಯಲಿಲ್ಲ. ಆ ಕಡೆಯಿಂದ ನೆಟಿಗೆ ಮುರಿಯುವ ಸದ್ದು ಬಂತು. ನಾನು ಫೋನಿನ ಹತ್ತಿರ ಕೈ ಒಯ್ದು ನನ್ನ ಬೆರಳುಗಳನ್ನೂ ಮುರಿದೆ. ಅವ್ವ ಇನ್ನೊಮ್ಮೆ ಮುರಿದಳು. ಅಂಬಿಗನ ಚಿತ್ರ ಕೊನೆಗೆ ಹೀಗೇ ಮುಗಿಯುತ್ತದಂತೆ, ಇಶಾ ಹೇಳಿದಳು. ದಡದಲ್ಲಿ ಮಗಳು ಹಾಲಿನ ಕ್ಯಾನು ಬಡಿಯುತ್ತಾಳೆ, ಮಂಜಿನೊಳಗಿಂದ ಅಪ್ಪ ಹುಟ್ಟುಗೋಲಿನಿಂದ ದೋಣಿಯ ಅಂಚಿಗೆ ಬಡಿಯುತ್ತಾನೆ. ದೋಣಿ ದಡ ಸೇರಿತೇ ಎಂದು ತೋರಿಸುವುದಿಲ್ಲವಂತೆ. ನಾನು ನೋಡದೆ ಎದ್ದು ಹೋದದ್ದು ಅಷ್ಟನ್ನೇ.

ಇಂದೂ, ನನಗೆ ಧೈರ್ಯ ಬಂದಿದೆ ಎಂದುಕೊಳ್ಳಬೇಡ. ಸೋಮವಾರದಿಂದ ಉಸಿರೂ ಕತ್ತಿನ ತೂತಿನಿಂದ ಹೋಗಿಬರುತ್ತದೆ. ಆ ಉಸಿರನ್ನು ಅವ್ವ ನನ್ನದೆಂದು ಗುರುತಿಸುತ್ತಾಳೋ ಇಲ್ಲವೋ, ಆ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಸಿದ್ಧಾರ್ಥ, ಇಶಾ ಇಬ್ಬರೂ ಇರುತ್ತಾರೆ. ಆದರೂ ನೀನು ಬಾ. ನನ್ನ ದನಿಯನ್ನು ಅಭ್ಯಾಸ ಮಾಡಿಕೊಂಡು ಬರಬೇಡ, ಬರಿ ಬಾ. ಆಪರೇಷನ್ ಮುಗಿದು ಅವರು ನನ್ನನ್ನು ಹೊರಗೆ ತಂದ ಮೇಲೆ ಅವ್ವನಿಗೆ ಫೋನ್ ಹಚ್ಚಿ, ನನ್ನ ಕತ್ತಿನ ಹತ್ತಿರ ಒಂದು ಗಳಿಗೆ ಹಿಡಿ. ಅವಳು ಯಾರದು ಎಂದು ಕೇಳಿದರೆ ನಿನ್ನ ಮೈಸೂರಿನ ದನಿಯಲ್ಲೇ ಹೇಳು: ಇದು ನಿಮ್ಮ ಮಗಳು ಅಮ್ಮಾ, ನಾನು ಇಂಟರ್ವಲ್ ಆದಮೇಲಿನ ಹುಡುಗಿ.